ಪಾಟಿಯೊಳಗೆ ಕಾಣೆಯಾದವರು

ಗೋಡೆಯ ಮೇಲೆ ಹನ್ನೊಂದು ಹೆಸರುಗಳು ಕೆಂಪಕ್ಷರದಲ್ಲಿ ಮೂಡಿದಾಗ ಪ್ರಜ್ಞಾ ಮೊದಲು ಹುಡುಕಿದ್ದು ತನ್ನ ಹಳ್ಳಿಯವರು ಯಾರಾದರೂ ಅದರಲ್ಲಿದ್ದಾರೆಯೇ ಎಂದು. ಯಾರೂ ಇರಲಿಲ್ಲ. ಕುರ್ಚಿಗೆ ಒರಗಿದಳು.

ಅದು ೨೦೦೯ರ ಡಿಸೆಂಬರ್ ೨೯, ಮಂಗಳವಾರ. ಸವದತ್ತಿಯ ಬಾಡಿಗೆ ಕೋಣೆಯೊಂದರಲ್ಲಿ ಐವರು ನರ್ಸುಗಳ ತಿಂಗಳ ಸಭೆ ನಡೆದಿತ್ತು. ಬನದ ಹುಣ್ಣಿಮೆಗೆ ಎರಡೇ ದಿನ ಉಳಿದಿದ್ದರಿಂದ ಹೊರಗಿನ ರಸ್ತೆಯಲ್ಲಿ ಗುಡ್ಡದ ಜಾತ್ರೆಗೆ ಹೊರಟ ಚಕ್ಕಡಿಗಳ ಗಂಟೆ ಸದ್ದು ನಿಂತಿರಲಿಲ್ಲ. ಒಳಗೆ ಸುಭಾಸ ಎಂಬ ಎಂಜಿನಿಯರ್ ಕಿಟಕಿಗೆ ಚಾದರ ಕಟ್ಟಿಸಿ, ಪ್ರೊಜೆಕ್ಟರಿನಿಂದ ಗೋಡೆಗೆ ಬೆಳಕು ಬಿಟ್ಟು, ಆರು ತಿಂಗಳ ಕೆಲಸದ ಲೆಕ್ಕ ತೋರಿಸುತ್ತಿದ್ದ.

"ಇವ್ರು ಹನ್ನೊಂದು ಮಂದಿ ಗರ್ಭಿಣಿಯರು. ನೋಂದಣಿ ಆಗೈತಿ, ಆರೇಳು ತಿಂಗಳ ತನಕಾ ತಪಾಸಣಿನೂ ಆಗೈತಿ. ಆಮ್ಯಾಲ ಏನೂ ಇಲ್ಲ. ಎಲ್ಲಿ ಹೋದ್ರು?" ಎಂದು ಕೇಳಿದ.

"ರಾಮದುರ್ಗದ ಉಮಾಶ್ರೀ ಬಾಯಾರು ನುಂಗ್ಯಾರೇನ ನೋಡ್ರಿ ಸರ್, ಐದು ಮಂದಿ ಅವ್ರ ಕಡ್ಯಾವ್ರ ಅದಾರ," ಎಂದಳು ಕಿತ್ತೂರಿನ ಕಡೆಯ ನರ್ಸು. ಎಲ್ಲರೂ ನಕ್ಕರು. ಐವತ್ತರ ಸಮೀಪದ ಉಮಾಶ್ರೀಯೂ ನಕ್ಕಳು.

ಪ್ರಜ್ಞಾಳೂ ನಕ್ಕಳು. ಅವಳ ಹಳ್ಳಿಯ ಸಾಲುಗಳೆಲ್ಲ ಹಸಿರಾಗಿದ್ದವು. ತವರಿಗೆ ಹೋದವರ ಸಾಲಿಗೂ ‘ಊರು ಬಿಟ್ಟರು’ ಎಂದು ತುಂಬಿ ಅವಳೇ ಹಸಿರು ಮಾಡಿದ್ದಳು. ಹಸಿರೆಂದರೆ ತೊಂದರೆ ಇಲ್ಲ, ಕೆಂಪೆಂದರೆ ಅಪಾಯ.

ಜುಲೈ ತಿಂಗಳಲ್ಲಿ ಸುಭಾಸ ಕೆಲಸ ಮಾಡುವ ಬೆಳಗಾವಿಯ ಸಂಸ್ಥೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುತ್ತಿನ ಐದು ಆರೋಗ್ಯ ಉಪಕೇಂದ್ರಗಳ ನರ್ಸುಗಳಿಗೆ ಒಂದೊಂದು ಟ್ಯಾಬ್ಲೆಟ್ ಕಂಪ್ಯೂಟರ್ ಕೊಟ್ಟಿತ್ತು. ಒಂದು ವರ್ಷದ ಪ್ರಯೋಗ. ಒಂದೂವರೆ ಕಿಲೋ ತೂಕದ ಕರಿಯ ಯಂತ್ರ, ಗಾಜಿನ ಮೇಲೆ ಬರೆಯಲು ದಾರ ಕಟ್ಟಿದ ಪ್ಲಾಸ್ಟಿಕ್ ಕಡ್ಡಿ, ಮೂರು ತಾಸು ಬಾಳುವ ಬ್ಯಾಟರಿ. ಹಳ್ಳಿಯ ಜನ ಮೊದಲ ದಿನವೇ ಅದನ್ನು ‘ಪಾಟಿ’ ಎಂದು ಕರೆದರು. ಸಾಲಿ ಮಕ್ಕಳ ಸ್ಲೇಟಿಗೂ ಅವರು ಅದನ್ನೇ ಅನ್ನುತ್ತಾರೆ.

ಪ್ರಜ್ಞಾಳಿಗೆ ಆಗ ಮೂವತ್ತೊಂದು ವರ್ಷ. ದೊಡವಾಡದ ಆಚೆಗಿನ ಒಂದು ಹಳ್ಳಿಯಲ್ಲಿ ಒಂಬತ್ತು ವರ್ಷದಿಂದ ನರ್ಸು, ಊರವರ ಬಾಯಲ್ಲಿ ‘ಬಾಯಾರು’. ಪಾಟಿ ಬರುವ ಮೊದಲು ಹದಿಮೂರು ರಜಿಸ್ಟರ್‌ಗಳನ್ನು ಬರೆಯುತ್ತಿದ್ದಳು. ತಿಂಗಳ ಕೊನೆಯ ಎರಡು ದಿನ ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವುದರಲ್ಲೇ ಕಳೆಯುತ್ತಿದ್ದವು. ಮನೆಮನೆಗೆ ಹೋಗಿ ಕೇಳಿ ಪಾಟಿ ತುಂಬಿದ ಮೊದಲ ವಾರದಲ್ಲೇ ದಡಾರದ ಸೂಜಿ ತಪ್ಪಿಸಿಕೊಂಡ ಏಳು ಮಕ್ಕಳ ಹೆಸರು ಅದು ತಾನಾಗಿಯೇ ತೋರಿಸಿತು. ಏಳರಲ್ಲಿ ನಾಲ್ಕು ಮಕ್ಕಳಿಗೆ ಸೂಜಿ ಹಾಕಲಾಗಿದೆ ಎಂದೇ ರಜಿಸ್ಟರಿನಲ್ಲಿ ಅವಳ ಕೈಬರಹದಲ್ಲೇ ಇತ್ತು. ಅಂದಿನಿಂದ ಅವಳು ರಜಿಸ್ಟರಿಗಿಂತ ಪಾಟಿಯನ್ನು ಹೆಚ್ಚು ನಂಬಿದಳು. ಹಳೆಯ ಕೌದಿಯ ತುಂಡಿನಿಂದ ಅದಕ್ಕೊಂದು ಚೀಲ ಹೊಲಿದಳು. ಬಿಸಿಲಿಗೆ ಅಕ್ಷರ ಕಾಣದಾದಾಗ ಕೊಡೆ ಬಿಚ್ಚಿ, ಅದರ ನೆರಳಲ್ಲಿ ಬರೆದಳು. ಉಪಕೇಂದ್ರದಲ್ಲಿ ಕರೆಂಟು ಹೋದರೆ ಹಿಟ್ಟಿನ ಗಿರಣಿಯವರನ್ನು ಕೇಳಿ ಚಾರ್ಜಿಗೆ ಹಾಕಿದಳು. ಮೊದಲು ಕಟ್ಟೆಯ ಮೇಲೇ ಕೂರಿಸಿ ಮಾತಾಡಿ ಕಳಿಸುತ್ತಿದ್ದ ಕೆಲವು ಮನೆಯವರು ಈಗ ಪಡಸಾಲೆಯ ತನಕ ಕರೆದರು. ಕರೆದದ್ದು ತನ್ನನ್ನೋ ಪಾಟಿಯನ್ನೋ ಎಂದು ಪ್ರಜ್ಞಾ ಕೇಳಲು ಹೋಗಲಿಲ್ಲ.

ಎರಡು ಕಡೆ ಬರೆಯುವ ಕೆಲಸ ಬೇಡವೆಂದು ಈ ಐದು ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಕೊಡುತ್ತಿದ್ದ ಕಾಗದದ ಕಾರ್ಡನ್ನು ನಿಲ್ಲಿಸಲಾಯಿತು. ಒಂದು ಊರಿನಲ್ಲಿ ಬರೆದದ್ದು ವಾರದೊಳಗೆ ಉಳಿದ ನಾಲ್ಕು ಊರಿನ ಪಾಟಿಗಳಿಗೂ ತಲುಪುತ್ತಿತ್ತು. ಹೆಸರು ಮತ್ತು ಗಂಡನ ಹೆಸರು ಬರೆದು ಹುಡುಕಿದರೆ ಹಿಂದಿನ ತಪಾಸಣೆಗಳೆಲ್ಲ ಸಿಗಬೇಕು.

ಗಂಡನ ಹೆಸರಿನ ಖಾನೆಯಲ್ಲಿ ಮಾತ್ರ ಒಂದು ತೊಡಕಿತ್ತು. ಅದನ್ನು ತುಂಬದೆ ಪಾಟಿ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ನವೆಂಬರ್ ಮೂರನೆಯ ವಾರದಲ್ಲಿ ನಿಜಗುಣಪ್ಪನ ಮಗಳು ತಂಗೆವ್ವ ಸೀಮಂತದ ಕುಬಸ ಮುಗಿಸಿಕೊಂಡು ಚೊಚ್ಚಲು ಹೆರಿಗೆಗೆ ತವರಿಗೆ ಬಂದಳು. ಆಗಲೂ ಇದೇ ಆಯಿತು.

"ನಿನ್ನ ಗಂಡನ ಹೆಸರೇನವ್ವಾ?" ಎಂದು ಪ್ರಜ್ಞಾ ಕೇಳಿದಳು.

ತಂಗೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳ ತಾಯಿ ಬಾಯವ್ವ ಮುಂದೆ ಬಂದಳು. "ಅಯ್ಯ, ಗಂಡನ ಹೆಸರ ಬಾಯಿಲೆ ಹೇಳ್ತಾರೇನ್ರಿ ಬಾಯಾರ?"

"ಹಂಗಾರ ನೀವ ಹೇಳ್ರಿ."

"ನಾ ಹೆಂಗ ಹೇಳ್ಲಿ? ನಮ್ಮ ಮಾವನ ಹೆಸರೂ ಅದ ಐತಿ. ಮದವಿ ಆಗಿ ಇಪ್ಪತ್ತಾರು ವರ್ಷ ಆತು, ಒಂದ ದಿನ ಆ ಹೆಸರ ತಗದಿಲ್ಲ. ನೀವ ಒಂದೀಟ ತಡದ್ರ ಇವ್ರು ಹೊಲದಿಂದ ಬರ್ತಾರ, ಅವ್ರನ್ನ ಕೇಳ್ರಿ."

ಪ್ರಜ್ಞಾಳಿಗೆ ಇನ್ನೂ ಆರು ಮನೆ ನೋಡುವುದಿತ್ತು. ಇಂಥ ಸಂದರ್ಭಕ್ಕೆ ಅವಳು ಆಗಸ್ಟಿನಲ್ಲೇ ಒಂದು ಉಪಾಯ ಕಂಡುಕೊಂಡಿದ್ದಳು. ಗಂಡನ ಹೆಸರಿನ ಖಾನೆಯಲ್ಲಿ ತವರಿನ ಹಿರಿಯನ ಹೆಸರು ಹಾಕಿಬಿಡುವುದು. ಪಾಟಿ ತಕರಾರಿಲ್ಲದೆ ಮುಂದಕ್ಕೆ ಹೋಗುತ್ತಿತ್ತು. ಅವಳು ‘ನಿಜಗುಣಪ್ಪ’ ಎಂದು ಬರೆದಳು.

"ಮದ್ಲ ಎಲ್ಲಿ ತೋರಿಸಿದ್ರಿ?"

"ಅಲ್ಲೇ ರಾಮದುರ್ಗದ ಕಡೆ, ನಮ್ಮೂರಾಗ. ಅಲ್ಲಿ ಬಾಯಾರ ಕಡೇನೂ ಇಂಥಾದ ಪಾಟಿ ಐತ್ರಿ," ಎಂದಳು ತಂಗೆವ್ವ.

ಪ್ರಜ್ಞಾ ‘ತಂಗೆವ್ವ’ ಎಂದು ಹುಡುಕಿದಳು. ನಾಲ್ವರು ಸಿಕ್ಕರು, ಇಬ್ಬರಿಗೆ ಆಗಲೇ ಹೆರಿಗೆಯಾಗಿತ್ತು, ಉಳಿದಿಬ್ಬರು ಮೂರನೆಯ ಬಸುರಿನವರು. ಇವಳದು ಇನ್ನೂ ಬಂದಿರಲಿಕ್ಕಿಲ್ಲ ಎಂದುಕೊಂಡು ‘ಹೊಸ ನೋಂದಣಿ’ ಒತ್ತಿದಳು. ರಕ್ತದೊತ್ತಡ ಸರಿಯಿತ್ತು. ಹೊಟ್ಟೆ ಮುಟ್ಟಿ ನೋಡಿದಾಗ ಕೂಸು ಅಡ್ಡ ಮಲಗಿತ್ತು. "ಇನ್ನೂ ಟೈಮ್ ಐತಿ, ತಿರಗತೈತಿ," ಎಂದಳು. ಸಾಲು ಹಸಿರಾಯಿತು. ಹೆರಿಗೆಯ ಬ್ಯಾನಿ ಶುರುವಾದ ಕೂಡಲೇ ಉಪಕೇಂದ್ರಕ್ಕೆ ಬನ್ನಿ, ತಾನೇ ಹೆರಿಗೆ ಮಾಡಿಸುತ್ತೇನೆ ಎಂದು ಹೇಳಿ ಎದ್ದಳು.

ಸವದತ್ತಿಯ ಕೋಣೆಯಲ್ಲಿ ಸುಭಾಸ ಎರಡನೆಯ ಪಟ್ಟಿಯನ್ನು ಗೋಡೆಗೆ ತಂದ. ಕೆಂಪು ಹೆಸರುಗಳು ಎಡಕ್ಕೆ ಸರಿದವು, ಬಲಕ್ಕೆ ಒಂಬತ್ತು ಹೊಸ ಹೆಸರುಗಳು ಬಂದವು.

"ಇವು ಏಳನೇ ತಿಂಗಳಾದ ಮ್ಯಾಲ ಮೊದಲನೇ ಸಲ ನೋಂದಣಿ ಆದವು. ಇದರಾಗ ನಾಕು ಪ್ರಜ್ಞಾ ಮೇಡಂ ಅವರವು."

ಮೂಲೆಯಲ್ಲಿ ಕೂತಿದ್ದ ಮೇಲ್ವಿಚಾರಕಿ ತಲೆ ಎತ್ತಿದರು. "ಏನ್ರಿ ಪ್ರಜ್ಞಾ, ಏಳು ತಿಂಗಳ ತನಕಾ ನಿಮ್ಮ ಊರಾಗ ಬಸರಿ ಕಾಣಲೇ ಇಲ್ಲೇನ? ಪಾಟಿ ನೋಡ್ಕೋತ ಕುಂತಿದ್ರೇನ?"

"ಇಲ್ರಿ ಮೇಡಂ, ಇವ್ರು ನಮ್ಮೂರಾಗ ಇರಲೇ ಇಲ್ಲ. ಗಂಡನ ಮನಿಯಿಂದ ತವರಿಗೆ ಬಂದಾವ್ರು..."

ಅವಳ ಕಣ್ಣು ಬಲಗಡೆಯ ಪಟ್ಟಿಯಿಂದ ಎಡಗಡೆಯ ಪಟ್ಟಿಗೆ ಹೋಯಿತು, ಮತ್ತೆ ಬಲಕ್ಕೆ ಬಂತು. ಎಡಗಡೆಯವರು ಏಳನೆಯ ತಿಂಗಳಲ್ಲಿ ಮಾಯವಾಗಿದ್ದರು. ಬಲಗಡೆಯವರು ಏಳನೆಯ ತಿಂಗಳಲ್ಲಿ ಎಲ್ಲಿಂದಲೋ ಬಂದಿದ್ದರು.

"ಉಮಕ್ಕಾ," ಎಂದಳು, "ನಿಮ್ಮ ಐದು ಮಂದಿ ಎಲ್ಲಿ ಹೋದ್ರು?"

"ಎಲ್ಲಿ ಹೋಗ್ತಾರ? ಚೊಚ್ಚಲು, ತವರಿಗೆ ಹೋಗ್ಯಾರ. ಅಲ್ಲಿ ನರ್ಸ್ ಪಾಟಿಯೊಳಗ ನೋಡ್ಕೋತಾರ ಅಂತ ನಾ ನಿಶ್ಚಿಂತಿ ಇದ್ನಿ."

"ಸರ್, ಇವ್ರು ಯಾರೂ ಕಾಣಿ ಆಗಿಲ್ರಿ," ಎಂದಳು ಪ್ರಜ್ಞಾ. "ಎಡಕಿನ ಮಂದಿನ ಬಲಕ್ಕ ಬಂದಾರ."

ಸುಭಾಸ ನಂಬಲಿಲ್ಲ. "ಹೆಂಗ ಮೇಡಂ? ಒಂದ ಹೆಸರರೆ ಕೂಡೂದ ಬ್ಯಾಡ?"

"ಹೆಸರ ಹೆಂಗ ಕೂಡ್ತಾವ್ರಿ?" ಎಂದಳು ಉಮಾಶ್ರೀ. ಅವಳ ದನಿ ಸಣ್ಣದಾಗಿತ್ತು. "ಮದವ್ಯಾಗ ಅಕ್ಕಿಕಾಳ ಬೀಳೂ ದಿನಾನ ಹುಡುಗಿ ಹೆಸರ ಬದ್ಲಿ ಮಾಡ್ತಾರಲ್ಲ. ಗಂಡನ ಮನ್ಯಾಗ ಒಂದು, ತವರಾಗ ಒಂದು."

ಸುಭಾಸ ಹಣೆಯ ಮೇಲೆ ಕೈಯಿಟ್ಟುಕೊಂಡ. "ನಮ್ಮ ಮನ್ಯಾಗೂ ಮಾಡ್ಯಾರ. ಹೆಂಡ್ತಿ ಹೊಸ ಹೆಸರ ನಾನ ನನ್ನ ಕೈಲೆ ಅಕ್ಕಿ ಮ್ಯಾಲ ಬರದೇನಿ. ಪ್ರೋಗ್ರಾಮ್ ಬರೆಯೂವಾಗ ತಲ್ಯಾಗ ಬರಲೇ ಇಲ್ಲ."

ಪ್ರಜ್ಞಾಳಿಗೂ ಬಂದಿರಲಿಲ್ಲ. ಅವಳ ಹೆಸರನ್ನು ಬದಲಿಸಲು ಅವಳ ತಂದೆ ಒಪ್ಪಿರಲಿಲ್ಲ. ಬೌದ್ಧ ರೀತಿಯ ಮದುವೆಯಲ್ಲಿ ಅಂಥ ಪದ್ಧತಿ ಇಲ್ಲವೆಂದು ಬೀಗರಿಗೆ ಖಡಾಖಂಡಿತವಾಗಿ ಹೇಳಿದ್ದರು. ಹುಟ್ಟಿದ ಹೆಸರಿನಲ್ಲೇ ಬದುಕಿದವಳಿಗೆ ಎರಡು ಹೆಸರಿನವರ ಕಷ್ಟ ಹೊಳೆಯಲಿಲ್ಲ.

"ಆದರೂ ಗಂಡನ ಹೆಸರರೆ ಕೂಡಬೇಕಲ್ಲ?" ಎಂದ ಸುಭಾಸ. "ಅದಕ್ಕ ಆ ಖಾನೆ ಕಡ್ಡಾಯ ಮಾಡಿದ್ದು. ಅದನ್ನ ಬದಲಿ ಮಾಡೂದಿಲ್ಲಲ್ಲ ಯಾರೂ."

ನಾಲ್ವರು ನರ್ಸುಗಳು ಒಟ್ಟಿಗೆ ಪ್ರಜ್ಞಾಳ ಕಡೆ ನೋಡಿದರು. ಸೆಪ್ಟೆಂಬರಿನ ಸಭೆಯಲ್ಲಿ ಚಹಾ ಕುಡಿಯುವಾಗ ಅವಳೇ ಎಲ್ಲರಿಗೂ ಹೇಳಿಕೊಟ್ಟಿದ್ದಳು: ‘ಗಂಡನ ಹೆಸರ ಹೇಳ್ಲಿಲ್ಲಂದ್ರ ಅಪ್ಪನ ಹೆಸರ ಒಗದ ಬಿಡ್ರಿ, ಮುಂದ ಹೊಕ್ಕೈತಿ.’ ಭಾಳ ಶಾಣ್ಯಾ ಅದೀ ಎಂದು ಎಲ್ಲರೂ ಹೊಗಳಿದ್ದರು.

ಪ್ರಜ್ಞಾ ಎದ್ದು ನಿಂತಳು. "ನಾ ಅಪ್ಪನ ಹೆಸರ ಹಾಕೇನ್ರಿ ಸರ್. ಎಲ್ಲಾರೂ ಹಾಕ್ಯಾರ. ನಾನ ಹೇಳಿದ್ನಿ," ಎಂದಳು.

ಸುಭಾಸ ಎಡಗಡೆಯ ಪಟ್ಟಿಯನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಜೋಡಿಸಿದ. ಹನ್ನೊಂದರಲ್ಲಿ ಹೆಚ್ಚಿನವರದು ರಕ್ತ ಕಡಿಮೆ, ಇಬ್ಬರದು ರಕ್ತದೊತ್ತಡ. ಎಲ್ಲಕ್ಕಿಂತ ಮೇಲೆ ಬಂದದ್ದು ಉಮಾಶ್ರೀ ಅಕ್ಟೋಬರಿನಲ್ಲಿ ಬರೆದ ಸಾಲು: ನಾಗರತ್ನಾ, ಗಂಡ ಉಳವಪ್ಪ, ವಯಸ್ಸು ಇಪ್ಪತ್ತು. ಕೂಸಿಗೆ ರಕ್ತ ಕೊಡುವ ಮಾಸು ಗರ್ಭಚೀಲದ ಬಾಯಿಗೆ ಪೂರ್ತಿ ಅಡ್ಡ ಕೂತಿದೆ. ಮನೆಯಲ್ಲಾಗಲಿ ಉಪಕೇಂದ್ರದಲ್ಲಾಗಲಿ ಹೆರಿಗೆ ಕೂಡದು. ಒಳಗೆ ಕೈ ಹಾಕಿ ಪರೀಕ್ಷೆ ಮಾಡಕೂಡದು. ರಕ್ತದ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ನೇ ಆಗಬೇಕು.

ಓದುತ್ತಿದ್ದಂತೆ ಐವರಿಗೂ ಅರ್ಥವಾಯಿತು. ಇಂಥವಳಿಗೆ ಬ್ಯಾನಿ ಬಂದು, ವಿಷಯ ಗೊತ್ತಿಲ್ಲದ ನರ್ಸು ಎಂದಿನಂತೆ ಕೈಗವಸು ಹಾಕಿಕೊಂಡು ಒಳಗೆ ಕೈಯಿಟ್ಟು ನೋಡಿದರೆ, ಕಾಲು ತಾಸಿನಲ್ಲಿ ಮೈಯ ರಕ್ತವೆಲ್ಲ ಹೊರಗೆ ಬಂದಿರುತ್ತದೆ. ತಾಯಿಯೂ ಇಲ್ಲ, ಕೂಸೂ ಇಲ್ಲ.

"ಈ ನಾಗರತ್ನಾನ ತವರು ಯಾವುದು?" ಎಂದು ಮೇಲ್ವಿಚಾರಕಿ ಎದ್ದು ನಿಂತು ಕೇಳಿದರು.

"ಬೈಲಹೊಂಗಲ ತಾಲೂಕಂತ ಹೇಳಿದ್ಲು. ಊರು ನೆನಪಿಲ್ರಿ. ಖಾನೆ ಇರಲಿಲ್ಲ, ನಾ ಬರೀಲಿಲ್ಲ," ಎಂದಳು ಉಮಾಶ್ರೀ.

ಬಲಗಡೆಯ ಒಂಬತ್ತರಲ್ಲಿ ಬೈಲಹೊಂಗಲ ತಾಲೂಕಿನವರೇ ಆರು ಮಂದಿ. ಹೆಸರಿನಿಂದ ಸಿಗುವಂತಿಲ್ಲ, ಗಂಡನ ಹೆಸರಿನಿಂದಲೂ ಸಿಗುವಂತಿಲ್ಲ. ಪ್ರಜ್ಞಾ ಗೋಡೆಯ ಹತ್ತಿರ ಹೋಗಿ ನಿಂತಳು. ಗಂಡನ ಮನೆಗೆ ಹೋದರೂ ತವರಿಗೆ ಬಂದರೂ ಬದಲಾಗದ್ದು ಏನಿದೆ? ವಯಸ್ಸನ್ನು ಒಂದು ಕಡೆ ಹತ್ತೊಂಬತ್ತು ಅನ್ನುತ್ತಾರೆ, ಇನ್ನೊಂದು ಕಡೆ ಇಪ್ಪತ್ತೊಂದು. ಊರು ಬೇರೆ, ಮನೆತನದ ಅಡ್ಡಹೆಸರು ಬೇರೆ.

"ಸರ್, ಮುಟ್ಟಿನ ದಿನ. ಕಡೀ ಮುಟ್ಟಿನ ದಿನ ಯಾವ ಊರಾಗ ಕೇಳಿದ್ರೂ ಒಂದ. ಅದರ ಮ್ಯಾಲ ಹಚ್ರಿ."

ಇಲ್ಲಿನ ಹೆಂಗಸರು ಆ ದಿನವನ್ನು ತಾರೀಖಿನಲ್ಲಿ ಹೇಳುವುದು ಅಪರೂಪ. ಹಬ್ಬ, ಅಮಾವಾಸ್ಯೆ, ಯಾರದೋ ಮದುವೆ ಹಿಡಿದು ಹೇಳುತ್ತಾರೆ. ನರ್ಸು ಕ್ಯಾಲೆಂಡರ್ ತೆಗೆದು ತಾರೀಖು ಮಾಡಿಕೊಳ್ಳುತ್ತಾಳೆ. ಉಮಾಶ್ರೀಗೆ ನೆನಪಾಯಿತು. "ಬಸವ ಜಯಂತಿ ಮರುದಿನ ಅಂದಿದ್ಲು."

ಸುಭಾಸ ನಾಗರತ್ನಾಳ ಸಾಲು ತೆರೆದ. ೨೮-೦೪-೨೦೦೯. ಅದೇ ತಾರೀಖಿಗೆ ಬಲಗಡೆಯ ಪಟ್ಟಿಯನ್ನು ಹುಡುಕಿದ. ಒಂದೇ ಸಾಲು ಉಳಿಯಿತು.

ತಂಗೆವ್ವ. ಗಂಡ: ನಿಜಗುಣಪ್ಪ. ೨೮-೦೪-೨೦೦೯. ಕೂಸು ಅಡ್ಡ. ಹೆರಿಗೆಯ ಸ್ಥಳ: ಉಪಕೇಂದ್ರ. ಬಣ್ಣ ಹಸಿರು.

ಕೂಸು ಅಡ್ಡ ಇದ್ದದ್ದು ಏಕೆಂದು ಪ್ರಜ್ಞಾಳಿಗೆ ಈಗ ತಿಳಿಯಿತು. ತಲೆ ಕೆಳಗಿಳಿಯಬೇಕಾದ ಜಾಗದಲ್ಲಿ ಮಾಸು ಕೂತಿತ್ತು. ತನ್ನ ಬೆರಳುಗಳು ಅದರ ಮೇಲೆಯೇ ಆಡಿ ಬಂದಿದ್ದವು.

ಹನ್ನೊಂದೂ ಮುಕ್ಕಾಲಕ್ಕೆ ಅವಳು ಊರಿನ ಆಶಾ ಕಾರ್ಯಕರ್ತೆ ಶೆಟ್ಟೆವ್ವನಿಗೆ ಫೋನ್ ಹಚ್ಚಿದಳು. ಶೆಟ್ಟೆವ್ವ ಸಂಬಂಧದಲ್ಲಿ ಅವಳಿಗೆ ಚಿಕ್ಕಮ್ಮ.

"ಚಿಗವ್ವಾ, ಎಲ್ಲಿ ಅದೀ? ನಿಜಗುಣಪ್ಪನ ಮನೀಗೆ ಹೋಗು. ಈಗಿಂದೀಗ."

"ಅಲ್ಲೇ ಅದೇನಿ ಯವ್ವಾ. ನಿನಗ ಹೆಂಗ ಗೊತ್ತಾತ?"

"ಏನಾಗೈತಿ?"

"ಏನಿಲ್ಲ. ತಂಗೆವ್ವಗ ಮುಂಜಾನಿಂದ ಒಂದೀಟ ರಗತ ಕಾಣಸಾಕತ್ತೈತಿ. ಬ್ಯಾನಿ ಇಲ್ಲ, ಏನಿಲ್ಲ. ಕುಂತ ಚಾ ಕುಡ್ಯಾಕತ್ತಾಳ. ಬಾಯವ್ವಕ್ಕ ಅನ್ನಾಕತ್ತಾಳ, ಸಂಜೀಕ ನೀ ಬರ್ತಿ, ನಿನ್ನ ಕೈಯಾಗ ಪಾಟಿ ಐತಿ, ನೀನ ನೋಡ್ಲಿ ಅಂತ. ದವಾಖಾನಿಗೆ ಹೋಗೂನು ಅಂದ್ರ ಬ್ಯಾಡ ಅಂತಾಳ."

ಪ್ರಜ್ಞಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆ ಮನೆಯವರು ಕಾಯುತ್ತಿದ್ದದ್ದು ತನಗಾಗಿ. ಸಭೆಗೆ ಬರದೆ ಊರಲ್ಲೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಉಪಕೇಂದ್ರದ ಮಂಚದ ಮೇಲೆ ತಂಗೆವ್ವ ಮಲಗಿರುತ್ತಿದ್ದಳು. ತನ್ನ ಕೈ ಒಳಗಿರುತ್ತಿತ್ತು.

"ಚಿಗವ್ವಾ, ನಾ ಹೇಳೂದ ಕೇಳು. ಆಕಿನ್ನ ಎಡಮಗ್ಗಲಾ ಮಲಗಸು. ಎಬ್ಬಸಬ್ಯಾಡ, ನಡಸಬ್ಯಾಡ. ಯಾರೂ ಒಳಗ ಕೈ ಹಾಕಬಾರದು. ಸೂಲಗಿತ್ತಿನೂ ಅಲ್ಲ, ಬ್ಯಾರೆ ನರ್ಸೂ ಅಲ್ಲ, ಯಾರೂ ಅಲ್ಲ. ೧೦೮ಕ್ಕ ಹಚ್ಚು, ಸೀದಾ ಧಾರವಾಡದ ದೊಡ್ಡ ದವಾಖಾನಿ. ನಡುವ ಎಲ್ಲೂ ಇಳಸಬ್ಯಾಡ."

"ಧಾರವಾಡ? ಇಷ್ಟಕ್ಕ? ಬಾಯವ್ವಕ್ಕ ಒಪ್ಪೂದಿಲ್ಲವಾ. ನಿಜಗುಣಪ್ಪಣ್ಣ ಕಬ್ಬಿನ ಗಾಡಿ ಜೋಡಿ ಎಂ.ಕೆ. ಹುಬ್ಬಳ್ಳಿ ಸಕ್ಕರಿ ಫ್ಯಾಕ್ಟರಿಗೆ ಹೋಗ್ಯಾನ, ಪಾಳಿಯೊಳಗ ನಿಂತಾನಂತ, ಫೋನ್ ಹತ್ತೂದಿಲ್ಲ."

"ಬಾಯವ್ವಕ್ಕನ ಕೈಯಾಗ ಕೊಡು."

ಫೋನಿನಲ್ಲಿ ಗದ್ದಲವಾಯಿತು. ಆಮೇಲೆ ಬಾಯವ್ವನ ಗಟ್ಟಿ ದನಿ. "ಏನ್ರಿ ಬಾಯಾರ, ಹೋದ ತಿಂಗಳ ಎಲ್ಲಾ ಚೊಲೋ ಐತಿ ಅಂದ್ರಿ. ಪಾಟಿ ಹಸರ ತೋರಸ್ತು. ನಾನ ಕಣ್ಣಾರೆ ನೋಡೇನಿ. ಈಗ ಧಾರವಾಡ ಅಂತೀರಿ?"

"ಪಾಟಿ ಸುಳ್ಳ ಹೇಳೈತ್ರಿ ಬಾಯವ್ವಕ್ಕಾ. ನಾ ಸುಳ್ಳ ಬರದಿದ್ನಿ, ಅದಕ್ಕ. ನಿಮ್ಮ ಮಗಳ ಜೀವ ಐತ್ರಿ ಇದರಾಗ. ಆಮ್ಯಾಲ ನನ್ನ ಬೈರಿ, ಬಡೀರಿ. ಈಗ ಗಾಡಿ ಹತ್ತಸ್ರಿ."

ಕೊನೆಗೆ ಬಾಯವ್ವ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು: "ಕೌದಿ ತಗದ ಹಾಸ್ರೇ."

ಸವದತ್ತಿಯಿಂದ ಧಾರವಾಡದ ಬಸ್ಸು ಚಕ್ಕಡಿಗಳ ನಡುವಿನಿಂದ ಹೊರಬೀಳಲಿಕ್ಕೇ ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಪ್ರಜ್ಞಾ ಪಾಟಿಯ ಚೀಲ ಎದೆಗವಚಿಕೊಂಡು ಕೂತಿದ್ದಳು. ಬಸ್ಸಿನಲ್ಲಿ ಯಾರೋ ಟಿಕೆಟ್ ವಿಷಯಕ್ಕೆ ಕಂಡಕ್ಟರನೊಂದಿಗೆ ಜಗಳ ತೆಗೆದಿದ್ದರು. ಅವರ ಬಾಯಿ ಆಡುವುದು ಕಾಣುತ್ತಿತ್ತು. ಏನು ಹೇಳುತ್ತಿದ್ದಾರೆಂದು ಅವಳಿಗೆ ಹತ್ತಲಿಲ್ಲ. ದಾರಿಯಲ್ಲಿ ಎರಡು ಸಲ ಶೆಟ್ಟೆವ್ವನ ಫೋನ್ ಬಂತು. ಮೊದಲನೆಯ ಸಲ, ಗ್ಲೂಕೋಸ್ ಹಚ್ಚಿದ್ದಾರೆ, ಹೊರಟೆವು ಎಂದಳು. ಎರಡನೆಯ ಸಲ ಅವಳ ದನಿ ಬದಲಾಗಿತ್ತು. "ಯವ್ವಾ, ಭಾಳ ಹೋಗಾಕತ್ತೈತಿ. ಕೌದಿ ತೊಯ್ದೈತಿ."

ಪ್ರಜ್ಞಾ ಆಸ್ಪತ್ರೆ ಮುಟ್ಟಿದಾಗ ಒಂದೂಮುಕ್ಕಾಲು. ತಂಗೆವ್ವಳನ್ನು ಆಗಷ್ಟೇ ಒಳಗೆ ತಂದಿದ್ದರು. ಮುಖ ಬಿಳಿಚಿತ್ತು, ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಬಾಯವ್ವ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಕರ್ತವ್ಯದಲ್ಲಿದ್ದ ಡಾಕ್ಟರ್ ಕೈಗವಸು ಹಾಕಿಕೊಳ್ಳುತ್ತಿದ್ದಳು.

"ಮೇಡಂ, ಒಳಗ ನೋಡಬ್ಯಾಡ್ರಿ! ಮಾಸು ಬಾಯಿಗೆ ಅಡ್ಡ ಐತ್ರಿ!" ಎಂದು ಪ್ರಜ್ಞಾ ಬಾಗಿಲಿನಿಂದಲೇ ಕೂಗಿದಳು.

ಡಾಕ್ಟರ್ ತಿರುಗಿ ನೋಡಿದಳು. ಪ್ರಜ್ಞಾ ಪಾಟಿ ತೆರೆದು ಹಿಡಿದಳು. ಡಾಕ್ಟರ್ ಓದಿ ಹುಬ್ಬು ಗಂಟಿಕ್ಕಿದಳು. "ಇದು ನಾಗರತ್ನಾ ಅನ್ನೋರ ದಾಖಲೆ. ಈ ಪೇಷಂಟ್ ಹೆಸರು ತಂಗೆವ್ವ ಅಂತ ಬರೆಸಿದ್ದಾರೆ. ಬೇರೆಯವರದ್ದು ತಂದಿದ್ದೀರಿ ನೀವು."

"ಇಬ್ರೂ ಒಬ್ಬಾಕಿನ ರಿ. ಮುಟ್ಟಿನ ದಿನ ಒಂದ ಐತಿ. ಬಸವ ಜಯಂತಿ ಮರುದಿನ."

ಡಾಕ್ಟರ್ ನಂಬಿದಳೋ ಇಲ್ಲವೋ, ಕೈಗವಸು ತೆಗೆದು ಬದಿಗಿಟ್ಟಳು. "ಸ್ಕ್ಯಾನಿಂಗ್ ಮಶೀನ್ ಇಲ್ಲಿಗೇ ತನ್ನಿ," ಎಂದು ಕೂಗಿದಳು. ಐದು ನಿಮಿಷದಲ್ಲಿ ಪರದೆಯ ಮೇಲಿನ ಬೂದು ನೆರಳುಗಳನ್ನು ನೋಡಿ ಆಪರೇಷನ್ನಿಗೆ ಸಿದ್ಧ ಮಾಡಲು ಹೇಳಿದಳು. ಆಮೇಲೆ ಯಾರೂ ಹೆಸರು ಕೇಳಲಿಲ್ಲ. ಮಂಚವನ್ನು ಓಡಿಸಿಕೊಂಡು ಹೋದರು.

ನಾಲ್ಕು ಬಾಟಲಿ ರಕ್ತ ಹೋಯಿತು. ಕೂಸು ಗಂಡು, ಎರಡು ಕಿಲೋಕ್ಕೆ ಸ್ವಲ್ಪ ಕಡಿಮೆ. ಮೊದಲು ಅಳಲಿಲ್ಲ; ಆಮೇಲೆ ಅತ್ತಿತು ಎಂದು ಆಯಾ ಬಂದು ಹೇಳಿದಳು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಸಂಜೆ ನಿಜಗುಣಪ್ಪ ಮೈಮೇಲೆ ಕಬ್ಬಿನ ಒಣ ಎಲೆಯ ರವದಿ ಅಂಟಿಸಿಕೊಂಡು ಬಂದ. ರಾಮದುರ್ಗದ ಕಡೆಯಿಂದ ಉಳವಪ್ಪ ಬಂದ. ಪ್ರಜ್ಞಾ ಇಬ್ಬರ ಮುಂದೆಯೂ ನಿಂತು, ಗಂಡನ ಹೆಸರಿನ ಜಾಗದಲ್ಲಿ ಏನು ಬರೆದಿದ್ದಳೆಂದು ಹೇಳಿದಳು. ಉಳವಪ್ಪನಿಗೆ ಏನೂ ತಿಳಿಯಲಿಲ್ಲ. ನಾಗರತ್ನಾ ಹೆಂಗ ಅದಾಳ ಎಂದಷ್ಟೇ ಕೇಳಿದ. ನಿಜಗುಣಪ್ಪ ಅವಳ ಮುಖ ನೋಡಿ, "ಪಾಟಿಯೊಳಗ ನನ್ನ ಹೆಸರ ಬಂದೈತಿ ಅಂತ ಬಾಯವ್ವ ಹೇಳಿದ್ಲು. ನಾ ಊರ ತುಂಬ ಹೇಳ್ಕೊಂಡ ಬಂದಿದ್ನಿ ಬಾಯಾರ," ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಪ್ರಜ್ಞಾಳಿಗೆ ಅನ್ನಿಸಿತು.

ಬುಧವಾರ ಬೆಳಗ್ಗೆ ತಂಗೆವ್ವಳಿಗೆ ಚೆನ್ನಾಗಿ ಎಚ್ಚರವಾಯಿತು. ಕೂಸಿನ ಸುದ್ದಿ ಕೇಳಿ ಕಣ್ಣು ಒರೆಸಿಕೊಂಡಳು. ಪ್ರಜ್ಞಾ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ರಾತ್ರಿಯಿಡೀ ತಲೆಯಲ್ಲಿದ್ದ ಪ್ರಶ್ನೆ ಒಂದೇ.

"ತಂಗೆವ್ವಾ, ರಾಮದುರ್ಗದಾಗ ಸ್ಕ್ಯಾನ್ ಮಾಡ್ಸಿದ್ದು ನಿನಗ ಗೊತ್ತಿತ್ತಿಲ್ಲ?"

"ಗೊತ್ತಿತ್ರಿ."

"ಮಾಸ ಕೆಳಗ ಐತಿ ಅಂತ ಹೇಳಿದ್ದು?"

"ಅಲ್ಲಿ ಬಾಯಾರ ಹೇಳಿದ್ರು. ಭಾರ ಎತ್ತಬ್ಯಾಡ, ದೊಡ್ಡ ದವಾಖಾನಿಗೇ ಹೋಗಬೇಕು ಅಂದಿದ್ರು."

"ಮತ್ತ ನನ್ನ ಮುಂದ ಯಾಕ ಹೇಳ್ಲಿಲ್ಲ? ನಿಮ್ಮವ್ವನ ಮುಂದರೆ?"

ತಂಗೆವ್ವಳಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿದಂತೆ ಕಂಡಿತು. "ಅವ್ವ ಹೆದರತಾಳಂತ ಅವ್ವಗ ಹೇಳ್ಲಿಲ್ರಿ. ನಿಮಗ ಗೊತ್ತಿರತೈತಿ ಅಂತ ತಿಳಕೊಂಡಿದ್ನಿ. ಉಮಾಶ್ರೀ ಬಾಯಾರ ಹೇಳಿದ್ರಲ್ಲ, ನೀ ಅಲ್ಲಿ ಹೋಗಿ ಏನೂ ಹೇಳೂದ ಬ್ಯಾಡ, ತಪ್ಪ ತಪ್ಪ ಹೇಳ್ತೀರಿ ನೀವು, ಎಲ್ಲಾ ಪಾಟಿಯೊಳಗ ಐತಿ ಅಂತ. ನೀವೂ ಅವತ್ತ ಪಾಟಿ ನೋಡಿ ಎಲ್ಲಾ ಚೊಲೋ ಐತಿ ಅಂದ್ರಿ. ಮಾಸ ಮ್ಯಾಲ ಹೋಗೈತಿ ಅಂತ ತಿಳಕೊಂಡ್ನಿ."

ಪ್ರಜ್ಞಾ ಎದ್ದು ಹೊರಗೆ ಬಂದಳು. ಅಂಗಳದಲ್ಲಿ ನಿಂತು ಉಮಾಶ್ರೀಗೆ ಫೋನ್ ಹಚ್ಚಿದಳು. ಒಂದೇ ರಿಂಗಿಗೆ ಎತ್ತಿದಳು ಉಮಾಶ್ರೀ. ಅವಳೂ ನಿದ್ದೆ ಮಾಡಿದಂತಿರಲಿಲ್ಲ.

"ಮಾತಾಡ್ತಾಳೇನ?"

"ಮಾತಾಡ್ತಾಳ. ಕೂಸೂ ಐತಿ." ಪ್ರಜ್ಞಾ ಪೆನ್ನು ತೆಗೆದಳು. "ಉಮಕ್ಕಾ, ಉಳದ ನಾಕು ಮಂದಿ ತವರೂರು ಹುಡುಕೂನು. ಮುಟ್ಟಿನ ದಿನ ಹೇಳ್ರಿ, ನಾ ಬರ್ಕೋತೇನಿ. ಆದ್ರ ಮದ್ಲ ಒಂದ ಹೇಳ್ರಿ. ಏನೂ ಹೇಳೂದ ಬ್ಯಾಡ, ಎಲ್ಲಾ ಪಾಟಿಯೊಳಗ ಐತಿ ಅಂತ ತಂಗೆವ್ವಗ ಅಂದಿದ್ರಂತ. ಬ್ಯಾರೆ ಯಾರಿಗೆ ಹಂಗ ಹೇಳೀರಿ?"

"ಎಲ್ಲಾರಿಗೂ ಹೇಳೇನಿ ಪ್ರಜ್ಞಾ," ಎಂದಳು ಉಮಾಶ್ರೀ. "ಸುಭಾಸ ಸರ್ ಹೇಳ್ರಿ ಅಂದಿದ್ರಲ್ಲ, ಮಂದಿಗೆ ಧೈರ್ಯ ಬರತೈತಿ ಅಂತ. ನೀ ಹೇಳಿಲ್ಲೇನ?"

ಪ್ರಜ್ಞಾ ಲೆಕ್ಕ ಹಾಕಿದಳು. ಜುಲೈಯಿಂದ ಈಚೆಗೆ ತನ್ನ ಹಳ್ಳಿಯಿಂದ ತವರೂರಿಗೆ ಹೋದ ಬಸುರಿಯರು ಎಷ್ಟು ಮಂದಿ? ಹತ್ತೊಂಬತ್ತು. ಕಟ್ಟೆಯ ಮೇಲೆ, ಪಡಸಾಲೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಗಂಟು ಹೊತ್ತು ನಿಂತವರ ಭುಜ ತಟ್ಟಿ, ಒಬ್ಬೊಬ್ಬರಿಗೂ ನಗುನಗುತ್ತ ‘ಎಲ್ಲಾ ಪಾಟಿಯೊಳಗ ಐತಿ’ ಎಂದು ಹೇಳಿದ್ದು ಅವಳ ಕಿವಿಗೆ ತನ್ನದೇ ದನಿಯಲ್ಲಿ ಕೇಳಿಸಿತು.

ಅವರಲ್ಲಿ ಒಬ್ಬರ ತವರಿನ ಹೆಸರೂ ಅವಳಿಗೆ ಗೊತ್ತಿರಲಿಲ್ಲ.